ಬಾಂಡ್ ಸಂಗೀತದ ಹುಟ್ಟು

ಗೂಢಚಾರಿ ಚಿತ್ರಗಳ ಸಂಗೀತಕ್ಕೆ ಖಚಿತ ರೂಪ ಸಿಕ್ಕಿದ್ದು 1962ರಲ್ಲಿ, ‘ಡಾ. ನೋ’ ಚಿತ್ರದ ‘ಜೇಮ್ಸ್ ಬಾಂಡ್ ಥೀಮ್’ನಿಂದ. ಮಟ್ಟು ಮಾಂಟಿ ನಾರ್ಮನ್ ಅವರದು. ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯನ್ನು ಸಂಗೀತ ನಾಟಕವಾಗಿಸಲು ಹೊರಟಾಗ ಬರೆದಿದ್ದ ಹಾಡೊಂದರಿಂದ ಅವರು ಅದನ್ನು ಎತ್ತಿಕೊಂಡರು. ಟ್ರಿನಿಡಾಡಿನ ಭಾರತೀಯ ಮೂಲದ ಕುಟುಂಬದ ಕಥೆಗೆಂದು ಹುಟ್ಟಿದ ಮಟ್ಟು ಹೀಗೆ ಬ್ರಿಟಿಷ್ ಗೂಢಚಾರನ ಗುರುತಾಯಿತು. ಕರ್ತೃತ್ವದ ವಿವಾದ 2001ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ನಾರ್ಮನ್ ಪರವಾಗಿಯೇ ತೀರ್ಮಾನವಾಯಿತು. ಆದರೆ ಆ ಮಟ್ಟಿಗೆ ಮೈಕಟ್ಟು ಕೊಟ್ಟವರು ವಾದ್ಯ ಸಂಯೋಜಕ ಜಾನ್ ಬ್ಯಾರಿ.

1933ರಲ್ಲಿ ಯಾರ್ಕ್‌ನಲ್ಲಿ ಹುಟ್ಟಿದ ಬ್ಯಾರಿಯ ತಂದೆ ಚಿತ್ರಮಂದಿರಗಳ ಮಾಲೀಕರು. ಸೇನೆಯಲ್ಲಿದ್ದಾಗ ಬ್ಯಾರಿ ಅಂಚೆಯ ಮೂಲಕ ಪಾಠ ಹೇಳಿಸಿಕೊಂಡದ್ದು ಸ್ಟ್ಯಾನ್ ಕೆಂಟನ್ನರ ಜಾಝ್ ವಾದ್ಯತಂಡಕ್ಕೆ ಸಂಗೀತ ಬರೆಯುತ್ತಿದ್ದ ಬಿಲ್ ರುಸೊ ಅವರಿಂದ. ಹಿತ್ತಾಳೆ ವಾದ್ಯಗಳನ್ನು ಒಮ್ಮೆಲೇ ಅಬ್ಬರಿಸುವಂತೆ ಬಳಸುವ ಕೆಂಟನ್ ಶೈಲಿ ಬ್ಯಾರಿಯ ಕೈಗೆ ಹತ್ತಿತು.

1962ರ ಜೂನ್ 21ರಂದು ಲಂಡನ್ನಿನ ಸಿಟಿಎಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆಯಿತು. ಐದು ಸ್ಯಾಕ್ಸಫೋನ್, ಒಂಬತ್ತು ಹಿತ್ತಾಳೆ ವಾದ್ಯಗಳು, ತಾಳವಾದ್ಯಗಳು, ಮುಂದೆ ಒಂದು ಗಿಟಾರ್. ಪಿಟೀಲು ಒಂದೂ ಇಲ್ಲ. ಗಿಟಾರ್ ನುಡಿಸಿದ ವಿಕ್ ಫ್ಲಿಕ್ ಮಟ್ಟನ್ನು ಕೆಳಸ್ಥಾಯಿಗೆ ಇಳಿಸಿ, ತಂತಿಯನ್ನು ಗಟ್ಟಿಯಾಗಿ ಮೀಟಿದರು. ಹಿನ್ನೆಲೆಯ ದನಿಯನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಅದು ಪಂಚಮದಿಂದ ಶುದ್ಧ ಧೈವತಕ್ಕೆ, ಅಲ್ಲಿಂದ ಚತುಶ್ರುತಿ ಧೈವತಕ್ಕೆ ಏರಿ ಮತ್ತೆ ಶುದ್ಧ ಧೈವತಕ್ಕೆ ಇಳಿಯುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ ಹುಟ್ಟುವುದು ಅರ್ಧರ್ಧ ಸ್ವರ ಸರಿಯುವ ಈ ನಡೆಯಿಂದಲೇ. ನಡುವೆ ಟ್ರಂಪೆಟ್‌ಗಳು ಜಾಝ್ ಲಯದಲ್ಲಿ ತೂಗುತ್ತ ನುಗ್ಗುತ್ತವೆ. ಕೊನೆಯ ಗಿಟಾರ್ ಮೀಟಿನಲ್ಲಿ ಸಾಧಾರಣ ಗಾಂಧಾರದ ಜೊತೆಗೇ ಕಾಕಲಿ ನಿಷಾದವೂ ಮೊಳಗುವುದರಿಂದ ಸಂಗೀತ ನಿಂತರೂ ನೆಮ್ಮದಿ ಸಿಗುವುದಿಲ್ಲ.

ಈ ಜಾಝ್ ಬುನಾದಿಯ ಮೇಲೆ ಬ್ಯಾರಿ ‘ಫ್ರಮ್ ರಷ್ಯಾ ವಿತ್ ಲವ್’ನಿಂದ (1963) ತಂತಿವಾದ್ಯಗಳನ್ನು ಹರವಿದರು. ಎರಡೂ ಹದವಾಗಿ ಬೆರೆತದ್ದು ‘ಗೋಲ್ಡ್‌ಫಿಂಗರ್’ನಲ್ಲಿ (1964). ಶರ್ಲಿ ಬ್ಯಾಸಿಯ ಕಂಠಕ್ಕೆ ಬಾಯಿಮುಚ್ಚಿದ ಟ್ರಂಪೆಟ್‌ಗಳು ಕೆಣಕುವಂತೆ ಉತ್ತರ ಕೊಡುತ್ತವೆ; ಪಿಟೀಲುಗಳು ಆಸೆಯನ್ನು ಹೊತ್ತು ಸಾಗಿದರೆ ಹಿತ್ತಾಳೆ ಅಪಾಯವನ್ನು ಸಾರುತ್ತದೆ. ಈ ಹಂಚಿಕೆಯೇ ಬ್ಯಾರಿಯ ದೊಡ್ಡ ಸಾಧನೆ. ಚಿತ್ರದ ಧ್ವನಿಮುದ್ರಿಕೆ 1965ರಲ್ಲಿ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅದೇ ವರ್ಷ ‘ದಿ ಇಪ್ಕ್ರೆಸ್ ಫೈಲ್’ ಚಿತ್ರಕ್ಕೆ ಬ್ಯಾರಿ ಅಬ್ಬರ ಬಿಟ್ಟು, ನಮ್ಮ ಸಂತೂರಿನ ಬಂಧುವಾದ ಹಂಗೇರಿಯ ಸಿಂಬಲಮ್ ಬಳಸಿದರು. ಸಂಬಳಕ್ಕೆ ದುಡಿಯುವ ಒಂಟಿ ಬೇಹುಗಾರನಿಗೆ ಆ ತೆಳು ಲೋಹದ ನಾದ ಸರಿಯಾಗಿ ಹೊಂದುತ್ತದೆ. 1966ರಲ್ಲಿ ಲಾಲೊ ಶಿಫ್ರಿನ್ ‘ಮಿಷನ್: ಇಂಪಾಸಿಬಲ್’ ಟಿವಿ ಸರಣಿಗೆ ಐದು ಮಾತ್ರೆಯ ಲಯ ಹಿಡಿದರು. 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ನಲ್ಲಿ ಬ್ಯಾರಿ ವಾದ್ಯವೃಂದಕ್ಕೆ ಮೂಗ್ ಸಿಂಥಸೈಜರ್ ಸೇರಿಸಿದರು, ಅದೇ ಚಿತ್ರದಲ್ಲಿ ಜಾಝ್‌ನ ಹಿರಿಯ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದರು.

ಬಾಂಡ್ ಗಾಳಿ ಕನ್ನಡಕ್ಕೂ ಬೀಸಿತು. 1968ರಲ್ಲಿ ದೊರೆ-ಭಗವಾನ್ ನಿರ್ದೇಶನದ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಸರಣಿಯ ಕೊನೆಯ ಚಿತ್ರ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ಗೆ (1978) ಅವರದೇ ಸಂಗೀತದಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡೊಂದನ್ನು ಹಾಡಿದರು.