ಗಡಿಯೊಳಗಿನ ಸಾರ್ವಜನಿಕ ಶಾಲೆ

‘ಪಬ್ಲಿಕ್ ಸ್ಕೂಲ್’ ಎಂಬ ಮಾತು ನಮ್ಮ ನಗರಗಳಲ್ಲಿ ಬಹುಮಟ್ಟಿಗೆ ತನ್ನ ಅರ್ಥಕ್ಕೆ ವಿರುದ್ಧವಾಗಿಯೇ ಬಳಕೆಯಲ್ಲಿದೆ. ದೆಹಲಿಯಲ್ಲಾಗಲಿ ಪುಣೆಯಲ್ಲಾಗಲಿ ಆ ಹೆಸರಿನ ಫಲಕ ಕಂಡೊಡನೆ ಶುಲ್ಕ ತೆತ್ತು ಸೇರಬೇಕಾದ ಖಾಸಗಿ ಶಾಲೆಯೆಂದೇ ತಿಳಿಯುತ್ತೇವೆ. ಇದು ಇಂಗ್ಲೆಂಡಿನಿಂದ ಬಂದ ರೂಢಿ. ಅಮೆರಿಕದಲ್ಲಿ ಆ ಮಾತಿಗೆ ನೇರವಾದ ಅರ್ಥವಿದೆ: ತೆರಿಗೆಯ ಹಣದಿಂದ ನಡೆಯುವ, ಬೋಧನಾ ಶುಲ್ಕವಿಲ್ಲದ, ಆ ಊರಿನ ಎಲ್ಲ ಮಕ್ಕಳಿಗೂ ತೆರೆದಿರುವ ಶಾಲೆ. ಈ ವಿವರಣೆಯಲ್ಲಿ ‘ಆ ಊರಿನ’ ಎಂಬ ಮಾತು ಹೊತ್ತಿರುವ ಭಾರವನ್ನು ಅರಿಯಬೇಕಾದರೆ ಶಿಕಾಗೋದ ಉತ್ತರಕ್ಕಿರುವ ನ್ಯೂ ಟ್ರಿಯರ್ ಪ್ರೌಢಶಾಲೆಯ ಚರಿತ್ರೆಯನ್ನು ನೋಡಬೇಕು.

ಮಿಶಿಗನ್ ಸರೋವರದ ದಡದಲ್ಲಿ ವಿನೆಟ್ಕ, ವಿಲ್ಮೆಟ್, ಕೆನಿಲ್‌ವರ್ತ್, ಗ್ಲೆಂಕೋ ಮೊದಲಾದ ಉಪನಗರಗಳು ಸಾಲಾಗಿವೆ. ಶಿಕಾಗೋದಿಂದ ರೈಲುಮಾರ್ಗ ಬಂದಮೇಲೆ ಬೆಳೆದ ಊರುಗಳಿವು. ಜರ್ಮನಿಯ ಟ್ರಿಯರ್ ಪ್ರದೇಶದಿಂದ ಬಂದ ವಲಸಿಗರ ನೆನಪಿನಲ್ಲಿ ಇಲ್ಲಿನ ಟೌನ್‌ಶಿಪ್ಪಿಗೆ ನ್ಯೂ ಟ್ರಿಯರ್ ಎಂಬ ಹೆಸರಾಯಿತು. ತೆರಿಗೆಯ ಹಣವನ್ನು ಪ್ರೌಢಶಾಲೆಗೂ ಬಳಸಬಹುದೆಂದು ಮಿಶಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1874ರಲ್ಲಿ ಕಲಮಜೂ ಮೊಕದ್ದಮೆಯಲ್ಲಿ ತೀರ್ಪಿತ್ತ ಮೇಲೆ ಆ ದೇಶದಲ್ಲಿ ಸಾರ್ವಜನಿಕ ಪ್ರೌಢಶಾಲೆಗಳ ದಾರಿ ಸುಗಮವಾಗಿತ್ತು. ಸರೋವರದಂಚಿನ ಈ ಊರುಗಳು ಒಟ್ಟಾಗಿ ಕಟ್ಟಿಕೊಂಡ ಶಾಲೆ 1901ರಲ್ಲಿ ವಿನೆಟ್ಕದಲ್ಲಿ ಬಾಗಿಲು ತೆರೆಯಿತು.

ಈ ಶಾಲೆಗೆ ಬಂದ ಕೀರ್ತಿ ಸುಳ್ಳು ಕೀರ್ತಿಯಲ್ಲ. 1920ರ ದಶಕದಲ್ಲಿ ಅದು ರೂಪಿಸಿಕೊಂಡ ಸಲಹೆಗಾರ ಪದ್ಧತಿಯನ್ನೇ ನೋಡಬಹುದು. ಶಾಲೆಗೆ ಸೇರಿದ ಪ್ರತಿ ವಿದ್ಯಾರ್ಥಿಯೂ ಒಂದು ಸಣ್ಣ ಗುಂಪಿಗೆ ಸೇರುತ್ತಾನೆ. ಆ ಗುಂಪಿಗೊಬ್ಬ ಅಧ್ಯಾಪಕರು. ಅವರು ದಿನವೂ ಆ ಮಕ್ಕಳನ್ನು ಕಾಣುತ್ತಾರೆ, ವಿಷಯಗಳ ಆಯ್ಕೆಯಲ್ಲಿ ನೆರವಾಗುತ್ತಾರೆ, ಮನೆಗೆ ಹೋಗಿ ತಂದೆತಾಯಿಯರನ್ನು ಮಾತನಾಡಿಸುತ್ತಾರೆ. ಸಾವಿರಾರು ಮಕ್ಕಳಿರುವ ಶಾಲೆಯಲ್ಲಿ ಯಾವ ಮಗುವೂ ಅಪರಿಚಿತವಾಗಿ ಉಳಿಯಬಾರದೆಂಬುದು ಇದರ ಹಿಂದಿನ ವಿಚಾರ. ಇದರ ಜೊತೆಗೆ ವಾದ್ಯಗೋಷ್ಠಿ, ನಾಟಕ, ಈಜು, ಕುಸ್ತಿ, ಹಲವು ವಿದೇಶೀ ಭಾಷೆಗಳು, ಶಾಲೆಯದೇ ಆದ ರೇಡಿಯೋ ಕೇಂದ್ರ. ಚಾರ್ಲ್‌ಟನ್ ಹೆಸ್ಟನ್, ರಾಕ್ ಹಡ್ಸನ್, ಆನ್ ಮಾರ್ಗರೆಟ್ ಮುಂತಾದ ಚಿತ್ರನಟರು ಇಲ್ಲಿ ಓದಿದವರು. ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದ ಡೊನಾಲ್ಡ್ ರಮ್ಸ್‌ಫೆಲ್ಡ್ ಇಲ್ಲಿ ಕುಸ್ತಿಪಟುವಾಗಿದ್ದವರು. ಇಂಥ ಸೌಲಭ್ಯಗಳು ಖಾಸಗಿ ಶಾಲೆಯೊಂದರಲ್ಲಿದ್ದರೆ ಸೋಜಿಗವಿರಲಿಲ್ಲ. ಒಂದು ಸಾರ್ವಜನಿಕ ಶಾಲೆ ಇಷ್ಟು ಮಾಡಬಲ್ಲದೆಂಬುದು ಮೆಚ್ಚಬೇಕಾದ ಸಂಗತಿಯೇ.

ಆದರೆ ಇದಕ್ಕೆ ಬೇಕಾದ ಹಣ ಎಲ್ಲಿಂದ ಬಂತು? ಇಲಿನಾಯ್ ರಾಜ್ಯದಲ್ಲಿ ಶಾಲೆಯ ವೆಚ್ಚದ ದೊಡ್ಡ ಪಾಲನ್ನು ಆಯಾ ಶಾಲಾ ಜಿಲ್ಲೆಯ ಆಸ್ತಿ ತೆರಿಗೆಯೇ ಹೊತ್ತುಕೊಂಡು ಬಂದಿದೆ. ದೊಡ್ಡ ಮನೆಗಳಿರುವಲ್ಲಿ ಹೆಚ್ಚು ತೆರಿಗೆ, ಹೆಚ್ಚು ತೆರಿಗೆಯಿಂದ ಒಳ್ಳೆಯ ಶಾಲೆ, ಒಳ್ಳೆಯ ಶಾಲೆಯಿಂದ ಮನೆಗಳಿಗೆ ಇನ್ನೂ ಹೆಚ್ಚು ಬೆಲೆ. ಈ ಚಕ್ರದೊಳಕ್ಕೆ ಯಾರು ಬರಬಹುದೆಂಬುದನ್ನು ಶಾಲೆ ತೀರ್ಮಾನಿಸಲಿಲ್ಲ. ಮನೆಯ ಮಾರುಕಟ್ಟೆ ತೀರ್ಮಾನಿಸಿತು. ಅದೂ ಬರಿಯ ಬೆಲೆಯಿಂದಲ್ಲ. 1889ರಲ್ಲಿ ಜೋಸೆಫ್ ಸಿಯರ್ಸ್ ಎಂಬ ಶ್ರೀಮಂತ ಭೂಮಿ ಕೊಂಡು ಕಟ್ಟಿದ ಕೆನಿಲ್‌ವರ್ತ್‌ನಲ್ಲಿ ನಿವೇಶನಗಳನ್ನು ಬಿಳಿಯರಿಗಷ್ಟೇ ಮಾರಬೇಕೆಂಬ ಕಟ್ಟುಪಾಡಿತ್ತು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ಹೇಳಿತು. ಆದರೂ ರೂಢಿ ಅಳಿಯಲಿಲ್ಲ. 1965ರ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ವಿನೆಟ್ಕದ ಊರ ಮೈದಾನಕ್ಕೆ ಬಂದು ಸಾವಿರಾರು ಜನರ ಮುಂದೆ ಮಾತನಾಡಿದ್ದು ಈ ಬೇಲಿಯನ್ನು ಕುರಿತೇ. ಅವರನ್ನು ಕರೆತಂದ ಚಳವಳಿಯಲ್ಲಿ ಆ ಉಪನಗರಗಳ ನಿವಾಸಿಗಳೂ ಇದ್ದರೆಂಬುದನ್ನು ಮರೆಯಬಾರದು. ಮನೆ ಮಾರಾಟದಲ್ಲಿ ಜನಾಂಗ ಭೇದವನ್ನು ನಿಷೇಧಿಸುವ ಒಕ್ಕೂಟದ ಕಾನೂನು ಬಂದದ್ದು 1968ರಲ್ಲಿ.

ಬೇಲಿಯನ್ನು ಶಾಲೆಯ ಕಡೆಯಿಂದ ಸಡಿಲಿಸುವ ಪ್ರಯತ್ನಗಳಿಗೆ ನ್ಯಾಯಾಲಯದ ಬೆಂಬಲ ಸಿಗಲಿಲ್ಲ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಮೊಕದ್ದಮೆಯಲ್ಲಿ 1973ರಲ್ಲಿ ಸರ್ವೋಚ್ಚ ನ್ಯಾಯಾಲಯ, ಜಿಲ್ಲೆಜಿಲ್ಲೆಗಳ ನಡುವಿನ ವೆಚ್ಚದ ಅಂತರ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಐದಕ್ಕೆ ನಾಲ್ಕು ಮತಗಳಿಂದ ತೀರ್ಪಿತ್ತಿತು. ಮರುವರ್ಷ ಡೆಟ್ರಾಯಿಟ್ ಮೊಕದ್ದಮೆಯಲ್ಲಿ, ಉಪನಗರಗಳ ತಪ್ಪು ಸಾಬೀತಾಗದ ಹೊರತು ನಗರದ ಶಾಲೆಗಳ ಜನಾಂಗ ಪ್ರತ್ಯೇಕತೆಯನ್ನು ನೀಗಿಸಲು ಅವುಗಳನ್ನು ಎಳೆತರುವಂತಿಲ್ಲವೆಂದಿತು. ಎರಡರಲ್ಲೂ ಭಿನ್ನಮತ ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಜಿಲ್ಲೆಯ ಗಡಿ ಹೀಗೆ ಭದ್ರವಾಯಿತು. ಜೊನಾಥನ್ ಕೊಜೊಲ್ 1991ರಲ್ಲಿ ಪ್ರಕಟಿಸಿದ ‘ಸ್ಯಾವೇಜ್ ಇನ್‌ಈಕ್ವಾಲಿಟೀಸ್’ ಪುಸ್ತಕದಲ್ಲಿ ಶಿಕಾಗೋ ನಗರದ ಶಾಲೆಗಳ ಎದುರಿಗೆ ನ್ಯೂ ಟ್ರಿಯರನ್ನೇ ಇಟ್ಟು ತೋರಿಸಿದ್ದಾರೆ.

ಈ ಚರಿತ್ರೆಯಲ್ಲಿ ಒಂದು ಕಟ್ಟಡಕ್ಕೆ ವಿಶೇಷ ಸ್ಥಾನವಿದೆ. ಮಕ್ಕಳ ಸಂಖ್ಯೆ ಹೆಚ್ಚಿದಾಗ 1965ರಲ್ಲಿ ನಾರ್ತ್‌ಫೀಲ್ಡ್‌ನಲ್ಲಿ ಎರಡನೆಯ ಶಾಲೆಯನ್ನು ತೆರೆಯಲಾಯಿತು. ಸಂಖ್ಯೆ ಇಳಿದಾಗ 1985ರಲ್ಲಿ ಅದನ್ನು ಮುಚ್ಚಲಾಯಿತು. ಮಕ್ಕಳಿಲ್ಲದ ಆ ಶಾಲೆಯ ವ್ಯಾಯಾಮಶಾಲೆಯಲ್ಲಿ, ಈಜುಕೊಳದಲ್ಲಿ ‘ಹೋಮ್ ಅಲೋನ್’ ಚಿತ್ರಕ್ಕಾಗಿ ಮನೆಯ ಒಳಾಂಗಣಗಳ ಸೆಟ್ಟುಗಳನ್ನು ಹಾಕಿದ್ದರು. 2001ರಿಂದ ಅಲ್ಲಿ ನ್ಯೂ ಟ್ರಿಯರಿನ ಮೊದಲ ವರ್ಷದ ತರಗತಿಗಳು ನಡೆಯುತ್ತಿವೆ. 2008ರ ಸೆಪ್ಟೆಂಬರ್ 2ರಂದು, ಶಿಕಾಗೋ ಶಾಲೆಗಳ ವರ್ಷಾರಂಭದ ದಿನ, ಪಾದ್ರಿಯೂ ರಾಜ್ಯದ ಸೆನೆಟರೂ ಆಗಿದ್ದ ಜೇಮ್ಸ್ ಮೀಕ್ಸ್ ಅವರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬಸ್ಸುಗಳಲ್ಲಿ ಕರೆತಂದದ್ದು ಇದೇ ಕಟ್ಟಡಕ್ಕೆ. ಮಕ್ಕಳು ಸಾಲಾಗಿ ಪ್ರವೇಶದ ಅರ್ಜಿ ತುಂಬಿದರು. ಆಗ ನ್ಯೂ ಟ್ರಿಯರ್ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಸುಮಾರು 17 ಸಾವಿರ ಡಾಲರ್ ವೆಚ್ಚ ಮಾಡುತ್ತಿದ್ದರೆ ಶಿಕಾಗೋ ಮಾಡುತ್ತಿದ್ದದ್ದು 10 ಸಾವಿರಕ್ಕೆ ತುಸು ಮೇಲೆ. ಬಂದವರನ್ನು ಶಾಲೆ ಸೌಜನ್ಯದಿಂದಲೇ ಬರಮಾಡಿಕೊಂಡಿತು. ಆದರೆ ಅವರು ಗಡಿಯಾಚೆಯ ಮಕ್ಕಳು. ಸಂಜೆಗೆ ಬಸ್ಸುಗಳು ಹಿಂದಿರುಗಿದವು. 2017ರಲ್ಲಿ ಇಲಿನಾಯ್ ತನ್ನ ಅನುದಾನದ ಸೂತ್ರವನ್ನು ಬದಲಿಸಿ, ಹೊಸದಾಗಿ ಕೊಡುವ ಹಣ ಮೊದಲು ಹೆಚ್ಚು ಕೊರತೆಯಿರುವ ಜಿಲ್ಲೆಗಳಿಗೆ ಹೋಗಬೇಕೆಂದು ಕಾನೂನು ಮಾಡಿತು. ಗಡಿಗಳು ಹಾಗೆಯೇ ಉಳಿದವು.

ಈ ದೂರದ ಕತೆ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ನೆರೆಹೊರೆಯ ಶಾಲೆ ಎಂಬ ಕಲ್ಪನೆಯನ್ನು ಮುಂದಿಟ್ಟಿತು. ಜಾತಿ, ಮತ, ಆದಾಯಗಳ ಭೇದವಿಲ್ಲದೆ ಒಂದು ಪ್ರದೇಶದ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕು. ಉಳ್ಳವರ ಮಕ್ಕಳೂ ಅಲ್ಲಿದ್ದರೆ ಆ ಶಾಲೆಯನ್ನು ಸರಿಪಡಿಸುವ ಒತ್ತಾಯ ತಾನಾಗಿ ಹುಟ್ಟುತ್ತದೆ ಎಂಬುದು ಆಯೋಗದ ಆಶಯ. ನಮ್ಮಲ್ಲಿ ಅದು ಕೈಗೂಡಲಿಲ್ಲವೆಂದು ಹಳಹಳಿಸುವವರು ನ್ಯೂ ಟ್ರಿಯರಿನತ್ತ ಒಮ್ಮೆ ನೋಡಬೇಕು. ಅಲ್ಲಿ ಉಳ್ಳವರು ತಮ್ಮ ಮಕ್ಕಳನ್ನು ಸಾರ್ವಜನಿಕ ಶಾಲೆಗೇ ಕಳಿಸಿದರು, ಅದಕ್ಕಾಗಿ ದುಡಿದರು, ತೆರಿಗೆ ತೆತ್ತರು. ಶಾಲೆ ಉತ್ತಮವಾಯಿತು. ಆದರೆ ನೆರೆಹೊರೆಯೇ ಒಂದು ವರ್ಗದ್ದಾಗಿದ್ದಾಗ ನೆರೆಹೊರೆಯ ಶಾಲೆಯೂ ಆ ವರ್ಗದ್ದೇ ಆಗುತ್ತದೆ. ಮುಂಬಯಿಯ ಬಹುಮಹಡಿ ವಸತಿ ಸಮುಚ್ಚಯಗಳೂ ಹೈದರಾಬಾದಿನ ಹೊಸ ಬಡಾವಣೆಗಳೂ ಗೇಟು ಹಾಕಿಕೊಂಡು ಬೆಳೆಯುತ್ತಿರುವ ಈ ಕಾಲದಲ್ಲಿ ಇದು ನಾವು ಯೋಚಿಸಬೇಕಾದ ಮಾತು. ಶಿಕಾಗೋ ಸುತ್ತಲ ಉಪನಗರಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳೂ ಮನೆ ಕೊಳ್ಳುವ ಮುನ್ನ ಶಾಲಾ ಜಿಲ್ಲೆಯ ಗಡಿಯನ್ನು ನೋಡುವವರೇ. ಮಕ್ಕಳ ಹಿತ ಬಯಸುವ ಯಾವ ತಂದೆತಾಯಿಯರನ್ನೂ ಇದಕ್ಕಾಗಿ ದೂರಲಾಗದು.

ನ್ಯೂ ಟ್ರಿಯರಿನ ಸಲಹೆಗಾರ ಪದ್ಧತಿಯನ್ನಾಗಲಿ, ಅದರ ನಾಟಕಶಾಲೆಯನ್ನಾಗಲಿ ಕಡಿಮೆ ಮಾಡುವುದರಿಂದ ಯಾರಿಗೂ ಲಾಭವಿಲ್ಲ. ಪ್ರತಿ ಮಗುವನ್ನೂ ಹೆಸರು ಹಿಡಿದು ಬಲ್ಲ ಒಬ್ಬ ಅಧ್ಯಾಪಕರಿರಬೇಕೆಂಬುದು ಎಲ್ಲ ಶಾಲೆಗಳೂ ಅನುಸರಿಸಬೇಕಾದ ವಿಚಾರ. ಅದಕ್ಕೆ ತಗಲುವ ಹಣವನ್ನು ಒಂದು ಬಡಾವಣೆಯ ಮನೆಗಳ ಬೆಲೆಗೆ ಗಂಟುಹಾಕದೆ, ನಾಡಿನ ಒಟ್ಟು ಸಂಪತ್ತಿನಿಂದ ಹಂಚುವುದಾದರೆ ಮಾತ್ರ ‘ಸಾರ್ವಜನಿಕ’ ಎಂಬ ಮಾತಿಗೆ ಅದರ ಪೂರ್ಣಾರ್ಥ ದಕ್ಕೀತು.