ವಿಂಡರ್‌ಮಿಯರ್‌ನ ವೇಗಕ್ಕೆ ಲಗಾಮು

ಇಂಗ್ಲೆಂಡಿನ ಅತಿದೊಡ್ಡ ನೈಸರ್ಗಿಕ ಸರೋವರ ವಿಂಡರ್‌ಮಿಯರ್. ಉದ್ದ ಸುಮಾರು 17 ಕಿಲೋಮೀಟರ್. ಅಗಲ ಎಲ್ಲೂ ಎರಡು ಕಿಲೋಮೀಟರ್ ಮುಟ್ಟುವುದಿಲ್ಲ. ಅಲ್ಲಿ ಈಗ ಮೋಟಾರ್ ಬೋಟುಗಳು ಗಂಟೆಗೆ 10 ನಾಟಿಕಲ್ ಮೈಲಿ, ಅಂದರೆ ಹದಿನೆಂಟು ಕಿಲೋಮೀಟರ್ ಚಿಲ್ಲರೆ ವೇಗವನ್ನು ಮೀರುವಂತಿಲ್ಲ. ಗಟ್ಟಿಮುಟ್ಟಾದ ಸೈಕಲ್ ಸವಾರನೊಬ್ಬ ದಡದ ರಸ್ತೆಯಲ್ಲಿ ಅವುಗಳನ್ನು ಹಿಂದೆ ಹಾಕಬಲ್ಲ. ಇಷ್ಟೇ ಇಷ್ಟು ನಿಯಮ ಜಾರಿಗೆ ಬರಲು ಹತ್ತು ವರ್ಷಕ್ಕೂ ಮೀರಿದ ಜಗಳ ಬೇಕಾಯಿತು.

ಆ ಸೀಮೆಗೆ ಗದ್ದಲದ ಮೇಲಿನ ಸಿಟ್ಟು ಹಳೆಯದು. 1844ರಲ್ಲಿ ಅಲ್ಲಿಗೆ ರೈಲು ಬರುವ ಸುದ್ದಿ ಹಬ್ಬಿದಾಗ ಪತ್ರಿಕೆಗೆ ಬರೆದು ವಿರೋಧಿಸಿದವನು ಕವಿ ವರ್ಡ್ಸ್‌ವರ್ತ್. ಹೆಚ್ಚು ಓದಿಲ್ಲದ ಜನ ಒಮ್ಮೆ ಬಂದು ಕಣ್ಣಾಡಿಸಿ ಹೋದರೆ ಅವರಿಗೇನೂ ದಕ್ಕದು ಎಂಬುದೂ ಅವನ ವಾದದಲ್ಲಿತ್ತು. ನಿಸರ್ಗದ ಕವಿಯ ಬಾಯಲ್ಲಿ ಈ ಮಾತು ಅಷ್ಟೇನೂ ಚೆನ್ನಾಗಿ ಕೇಳುವುದಿಲ್ಲ. 1847ರಲ್ಲಿ ರೈಲು ಬಂದೇಬಿಟ್ಟಿತು.

ರೈಲಿನ ಹಿಂದೆಯೇ ಉತ್ತರದ ಕಾರ್ಖಾನೆ ಸಾಹುಕಾರರು ಬಂದರು, ದಡದಲ್ಲಿ ಬಂಗಲೆ ಕಟ್ಟಿಸಿದರು, ಸ್ವಂತ ಉಗಿದೋಣಿ ಇಟ್ಟುಕೊಂಡರು. ಬ್ಯಾರೋ ಪಟ್ಟಣದ ಉಕ್ಕಿನ ಉದ್ಯಮಿ ಹೆನ್ರಿ ಷ್ನೈಡರ್ 1869ರಲ್ಲಿ ಕಟ್ಟಿಸಿದ ‘ಎಸ್ಪರೆನ್ಸ್’ ಅವನ್ನೆಲ್ಲ ಮೀರಿಸಿತು. ದಡದ ಬೌನೆಸ್ ಊರಿನ ಮನೆಯಿಂದ ಇಳಿದು ಬಂದು ದೋಣಿ ಹತ್ತುವುದು, ತಿಂಡಿ ದೋಣಿಯಲ್ಲೇ ಮುಗಿಸುವುದು, ಸರೋವರದ ತೆಂಕಣ ತುದಿಯ ಲೇಕ್‌ಸೈಡ್‌ನಲ್ಲಿ ಇಳಿದು ರೈಲು ಹಿಡಿಯುವುದು: ಷ್ನೈಡರ್ ಸಾಹುಕಾರರು ಕಚೇರಿಗೆ ಹೋಗುತ್ತಿದ್ದ ಬಗೆ ಇದು. ಆ ದೋಣಿ ಇಂದು ದಡದ ಮ್ಯೂಸಿಯಮ್ಮಿನ ಆಸ್ತಿ.

1911ರ ನವೆಂಬರ್ 25ರಂದು ‘ವಾಟರ್‌ಬರ್ಡ್’ ಎಂಬ ವಿಮಾನ ಇದೇ ನೀರಿನ ಮೇಲಿಂದ ಎದ್ದು ಹಾರಿತು. ಪೀಟರ್ ಎಂಬ ಮೊಲದ ಕತೆ ಬರೆದ ಬಿಯಾಟ್ರಿಕ್ಸ್ ಪಾಟರ್ ಆ ಹೊತ್ತಿಗೆ ಸರೋವರದ ಪಡುವಲ ದಡದ ಕಡೆ ಜಮೀನು ಕೊಂಡಿದ್ದರು. ವಿಮಾನದ ಸದ್ದಿಗೆ ಕುದುರೆಗಳು ಬೆದರುತ್ತವೆ, ಊರಿನ ನೆಮ್ಮದಿ ಕೆಡುತ್ತದೆ ಎಂದು ಅವರು ಪತ್ರ ಬರೆದರು, ಜನರನ್ನು ಕೂಡಿಸಿದರು.

ಆದರೆ ವೇಗದ ಹುಚ್ಚು ಇಳಿಯಲಿಲ್ಲ. 1930ರ ಜೂನ್ 13ರಂದು ಹೆನ್ರಿ ಸೀಗ್ರೇವ್ ‘ಮಿಸ್ ಇಂಗ್ಲೆಂಡ್ 2’ ಬೋಟಿನಲ್ಲಿ ಇಲ್ಲಿಯೇ ಗಂಟೆಗೆ 98.76 ಮೈಲಿ ವೇಗದ ವಿಶ್ವದಾಖಲೆ ಮಾಡಿದ. ದಾಖಲೆಯಾದ ಮೇಲೂ ನಿಲ್ಲಿಸದೆ ಇನ್ನೊಂದು ಸುತ್ತು ಹೊರಟಾಗ ಬೋಟು ಮಗುಚಿತು; ತೇಲುತ್ತಿದ್ದ ಮರದ ದಿಮ್ಮಿ ತಾಕಿರಬೇಕು ಎನ್ನುತ್ತಾರೆ. ಸೀಗ್ರೇವ್ ಮತ್ತು ಎಂಜಿನಿಯರ್ ಹ್ಯಾಲಿವೆಲ್ ಇಬ್ಬರೂ ಸತ್ತರು.

1951ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಯುದ್ಧದ ನಂತರದ ಆ ದಶಕಗಳಲ್ಲಿ ಸಾಮಾನ್ಯ ಸಂಬಳದವರಿಗೂ ಎಂಜಿನ್ ಬೋಟು ಕೈಗೆಟುಕತೊಡಗಿತ್ತು. ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ವಾಟರ್ ಸ್ಕೀಯಿಂಗ್ ಬಂತು. ಅಲ್ಸ್‌ವಾಟರ್, ಕಾನಿಸ್ಟನ್, ಡರ್ವೆಂಟ್‌ವಾಟರ್ ಸರೋವರಗಳಲ್ಲಿ ವೇಗಮಿತಿ ಹಾಕಿದಾಗ ಅಲ್ಲಿಂದ ಎದ್ದ ಬೋಟುಗಳೆಲ್ಲ ವಿಂಡರ್‌ಮಿಯರ್‌ಗೆ ಬಂದು ಬಿದ್ದವು. ಒಂದು ಕೆರೆಯ ಕಾಟ ಪಕ್ಕದ ಕೆರೆಗೆ ವರ್ಗವಾಯಿತು, ಅಷ್ಟೆ.

ಬೋಟುಗಳನ್ನು ನಿಷೇಧಿಸುವುದು ಸುಲಭವಿರಲಿಲ್ಲ. ಸರೋವರದ ತಳ ಸ್ಥಳೀಯ ಕೌನ್ಸಿಲ್ಲಿನದು, ಮೇಲಿನ ಸಂಚಾರದ ಹಕ್ಕು ಸಾರ್ವಜನಿಕರದು; ಕಾನೂನಿನ ಲೆಕ್ಕದಲ್ಲಿ ಅದೊಂದು ಹೆದ್ದಾರಿ. ಹೆದ್ದಾರಿಯನ್ನು ಮುಚ್ಚಲಾಗದು, ಅದರಲ್ಲಿ ವೇಗಕ್ಕೆ ಕಡಿವಾಣ ಹಾಕಬಹುದು. ಉದ್ಯಾನದ ಪ್ರಾಧಿಕಾರ 1990ರ ದಶಕದ ಆರಂಭದಲ್ಲಿ ಹಿಡಿದದ್ದು ಈ ಜಾಡನ್ನೇ. ಸ್ಕೀ ಮಾಡುವವರನ್ನು ನೀರಿನ ಮೇಲೆ ಎತ್ತಿ ನಿಲ್ಲಿಸಲು ಗಂಟೆಗೆ 10 ನಾಟಿಕಲ್ ಮೈಲಿ ವೇಗ ಸಾಲದೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಹೆಸರಿಗೆ ಮಿತಿ, ಪರಿಣಾಮದಲ್ಲಿ ನಿಷೇಧ!

1994–95ರಲ್ಲಿ ದೀರ್ಘ ಸಾರ್ವಜನಿಕ ವಿಚಾರಣೆ ನಡೆಯಿತು. ನಮಗೆ ಉಳಿದಿರುವುದು ಇದೊಂದೇ ಸರೋವರ, ಇದರಿಂದಲೂ ಅಟ್ಟಿದರೆ ಹೋಗುವುದೆಲ್ಲಿಗೆ ಎಂದರು ಬೋಟಿನವರು. ನಮ್ಮ ವ್ಯಾಪಾರ ಮುಳುಗುತ್ತದೆ ಎಂದರು ದಡದ ಅಂಗಡಿಯವರು. ಇವೇನೂ ತೆಗೆದುಹಾಕುವ ಮಾತುಗಳಲ್ಲ. ಆದರೆ ಒಬ್ಬ ಸ್ಕೀ ಸವಾರನಿಗೆ ಬೇಕಾಗುವ ನೀರಿನ ಹರವು ಎಷ್ಟೋ ಹಾಯಿದೋಣಿ, ಹುಟ್ಟುದೋಣಿಗಳಿಗೆ ಸಾಕಾಗುವಷ್ಟು. ಹಿಂದಿನ ಜಗಳಗಳು ನೆಮ್ಮದಿಯ ಹೆಸರಲ್ಲಿ ನಡೆದಿದ್ದವು. ಈ ಸಲ ಪ್ರಶ್ನೆ ಜಾಗದ್ದೂ ಆಗಿತ್ತು. ವಿಚಾರಣಾಧಿಕಾರಿ ಮಿತಿಯ ಪರವಾಗಿ ಶಿಫಾರಸು ಮಾಡಿದರು. 1996ರಲ್ಲಿ ಪರಿಸರ ಸಚಿವ ಜಾನ್ ಗಮ್ಮರ್ ಅದನ್ನು ತಳ್ಳಿಹಾಕಿದರು. ವಿಷಯ ಕೋರ್ಟಿನ ಮೆಟ್ಟಿಲೇರಿತು, ಸರ್ಕಾರ ಬದಲಾಯಿತು, 2000ದಲ್ಲಿ ಒಪ್ಪಿಗೆ ದೊರೆಯಿತು. ಬೋಟಿನವರು ಬೇರೆ ದಾರಿ ನೋಡಿಕೊಳ್ಳಲಿ ಎಂದು ಐದು ವರ್ಷದ ಗಡುವು ಕೊಟ್ಟು, 2005ರ ಮಾರ್ಚ್ 29ರಿಂದ ನಿಯಮ ಜಾರಿಯಾಯಿತು.

ವಿಂಡರ್‌ಮಿಯರ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಬೋಟು ದಾಖಲೆಗಳ ವಾರ ಅಲ್ಲಿಂದ ಕಾನಿಸ್ಟನ್‌ಗೆ ಹೋಯಿತು. 1967ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ‘ಬ್ಲೂಬರ್ಡ್’ ಬೋಟಿನೊಂದಿಗೆ ಪ್ರಾಣ ಕಳೆದುಕೊಂಡದ್ದು ಆ ಸರೋವರದಲ್ಲಿ. ವೇಗಮಿತಿ ಅಲ್ಲಿಯೂ ಇದೆ. ಪ್ರವಾಸಿಗರು ವಿರಳವಾದ ನವೆಂಬರಿನಲ್ಲಿ, ಈ ವಾರದ ಮಟ್ಟಿಗೆ ಮಾತ್ರ, ಅದನ್ನು ಸಡಿಲಿಸುತ್ತಾರೆ.