ಬ್ರೇಕ್ ದ್ರವ

ಬ್ರೇಕ್ ದ್ರವ ಎಂಬುದು ಕಾರು, ಜೀಪು, ಆಟೋರಿಕ್ಷಾ ಹಾಗೂ ಡಿಸ್ಕ್ ಬ್ರೇಕುಳ್ಳ ದ್ವಿಚಕ್ರ ವಾಹನಗಳಲ್ಲಿ ಚಾಲಕನ ಕಾಲಿನ ಅಥವಾ ಕೈಯ ಒತ್ತಡವನ್ನು ಚಕ್ರಗಳ ಬಳಿಯಿರುವ ಬ್ರೇಕುಗಳಿಗೆ ತಲುಪಿಸುವ ದ್ರವವಾಗಿದೆ. ಆಡುಮಾತಿನಲ್ಲಿ ಮತ್ತು ಗ್ಯಾರೇಜುಗಳಲ್ಲಿ ಇದನ್ನು ಬ್ರೇಕ್ ಆಯಿಲ್ ಎಂದೇ ಕರೆಯುತ್ತಾರೆ. ಆದರೆ ಇಂದು ಬಳಕೆಯಲ್ಲಿರುವ ಬಹುತೇಕ ಬ್ರೇಕ್ ದ್ರವಗಳು ಎಣ್ಣೆಗಳಲ್ಲ. ಅವು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳಿಂದ ತಯಾರಾದವು. ನೀರಿನೊಡನೆ ಸುಲಭವಾಗಿ ಬೆರೆಯುವುದು ಇವುಗಳ ಮುಖ್ಯ ಗುಣ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಕಾಲಕ್ರಮೇಣ ದುರ್ಬಲವಾಗುವುದರಿಂದ ಈ ದ್ರವವನ್ನು ನಿಯತವಾಗಿ ಬದಲಿಸಬೇಕಾಗುತ್ತದೆ. ಮಳೆ ಹೆಚ್ಚಾಗಿರುವ, ಘಟ್ಟದ ರಸ್ತೆಗಳಿಗೆ ಹೊಂದಿಕೊಂಡ ಕರಾವಳಿ ಕರ್ನಾಟಕದಂತಹ ಪ್ರದೇಶಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಕಾರ್ಯ ವಿಧಾನ

ದ್ರವ ಬ್ರೇಕಿನ ಮೂಲತತ್ತ್ವ ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಬರುವ ಪ್ಯಾಸ್ಕಲನ ನಿಯಮ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಕುಂದಿಲ್ಲದೆ ಹರಡುತ್ತದೆ ಎಂಬುದು ಅದರ ಸಾರ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಈ ಕುರಿತು ಬರೆದ ಗ್ರಂಥ ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಟಯರು ಬದಲಿಸುವಾಗ ಲಾರಿಯನ್ನು ಎತ್ತುವ ಹೈಡ್ರಾಲಿಕ್ ಜಾಕ್ ಸಹ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಒಳಗಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಒತ್ತಡವು ಉಕ್ಕಿನ ಕೊಳವೆ ಮತ್ತು ರಬ್ಬರಿನ ಹೋಸುಗಳ ಮೂಲಕ ಸಾಗಿ ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರಿನ ಪಿಸ್ಟನನ್ನೂ ಡ್ರಮ್ ಬ್ರೇಕಿನಲ್ಲಿ ವೀಲ್ ಸಿಲಿಂಡರನ್ನೂ ದೂಡುತ್ತದೆ. ಒಂದು ಉದಾಹರಣೆಯನ್ನು ನೋಡಬಹುದು. ಪೆಡಲಿನ ಮೇಲೆ 300 ನ್ಯೂಟನ್ ಬಲ ಬಿದ್ದಿತೆಂದೂ ಪೆಡಲಿನ ಸನ್ನೆಯಿಂದ ಅದು ನಾಲ್ಕು ಪಟ್ಟಾಗಿ 1,200 ನ್ಯೂಟನ್ ಆಯಿತೆಂದೂ ಭಾವಿಸೋಣ. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ., ಕ್ಯಾಲಿಪರ್ ಪಿಸ್ಟನಿನ ವ್ಯಾಸ 50 ಮಿ.ಮೀ. ಆಗಿದ್ದರೆ ಅವುಗಳ ವಿಸ್ತೀರ್ಣದ ಅನುಪಾತ 6.25. ಆಗ ಪ್ಯಾಡಿನ ಮೇಲೆ ಬೀಳುವ ಬಲ 7,500 ನ್ಯೂಟನ್. ಇದರ ಮೇಲೆ ವ್ಯಾಕ್ಯೂಮ್ ಬೂಸ್ಟರಿನ ನೆರವೂ ಸೇರುತ್ತದೆ.

ಬಲ ಹೆಚ್ಚಿದಷ್ಟೂ ಚಲನೆ ಕಡಿಮೆಯಾಗುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ 6.25 ಮಿ.ಮೀ. ಸರಿದರೆ ಒಂದು ಕ್ಯಾಲಿಪರಿನ ಪಿಸ್ಟನ್ 1 ಮಿ.ಮೀ. ಮಾತ್ರ ಸರಿಯುತ್ತದೆ. ಆದ್ದರಿಂದ ಈ ವ್ಯವಸ್ಥೆಗೆ ಒತ್ತಿದರೆ ಕುಗ್ಗದಂತಹ ಮಾಧ್ಯಮವೇ ಬೇಕು. ದ್ರವ ಬಹುಮಟ್ಟಿಗೆ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ. ಕೊಳವೆಯೊಳಗೆ ಗಾಳಿಯ ಅಥವಾ ಆವಿಯ ಸಣ್ಣ ಗುಳ್ಳೆಗಳು ಸೇರಿದರೂ ಪೆಡಲಿನ ಚಲನೆಯೆಲ್ಲ ಅವನ್ನು ಕುಗ್ಗಿಸುವುದರಲ್ಲೇ ವ್ಯರ್ಥವಾಗಿ ಚಕ್ರದವರೆಗೆ ಒತ್ತಡ ತಲುಪುವುದಿಲ್ಲ. ಬ್ರೇಕ್ ದ್ರವದ ನಿರ್ವಹಣೆಯ ಕುರಿತು ಹೇಳುವುದೆಲ್ಲವೂ ಈ ಒಂದು ಸಂಗತಿಯಿಂದ ಹೊರಡುತ್ತದೆ.

ಇತಿಹಾಸ

ಅಮೆರಿಕದ ಮಾಲ್ಕಮ್ ಲಾಹೆಡ್ 1917ರಲ್ಲಿ ದ್ರವ ಬ್ರೇಕಿಗೆ ಪೇಟೆಂಟ್ ಪಡೆದನು. 1921ರ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ದ್ರವ ಬ್ರೇಕ್ ಅಳವಡಿಸಲಾಯಿತು. ಆರಂಭದ ದಶಕಗಳಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿದ ಮಿಶ್ರಣವನ್ನೂ ಬ್ರೇಕ್ ದ್ರವವಾಗಿ ಬಳಸುತ್ತಿದ್ದರು. ಹರಳೆಣ್ಣೆ ಅಂದಿನ ಸಹಜ ರಬ್ಬರಿನ ಸೀಲುಗಳನ್ನು ಕೆಡಿಸುತ್ತಿರಲಿಲ್ಲ. ಹಳ್ಳಿಮನೆಗಳಲ್ಲಿ ತಲೆಗೆ ಹಚ್ಚುವ, ಹೊಟ್ಟೆ ಶುದ್ಧಿಗೆ ಕುಡಿಸುವ ಎಣ್ಣೆಯೇ ಒಂದು ಕಾಲಕ್ಕೆ ಮೋಟಾರುಗಳನ್ನೂ ನಿಲ್ಲಿಸುತ್ತಿತ್ತೆಂಬುದು ಸ್ವಾರಸ್ಯದ ವಿಷಯ. ಬ್ರೇಕ್ ಆಯಿಲ್ ಎಂಬ ಹೆಸರಿಗೆ ಅಂದು ಅರ್ಥವಿತ್ತು. ಸಂಶ್ಲೇಷಿತ ರಬ್ಬರ್ ಬಂದ ಮೇಲೆ ಗ್ಲೈಕಾಲ್ ಆಧಾರಿತ ದ್ರವಗಳು ಅದರ ಸ್ಥಾನವನ್ನು ಪಡೆದವು. ಹೆಸರು ಮಾತ್ರ ಉಳಿದುಕೊಂಡಿತು.

ವಿಧಗಳು

ಬ್ರೇಕ್ ದ್ರವಗಳನ್ನು ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದಂತೆ ಡಾಟ್ 3, ಡಾಟ್ 4, ಡಾಟ್ 5 ಮತ್ತು ಡಾಟ್ 5.1 ಎಂದು ವಿಂಗಡಿಸುವ ರೂಢಿ ಜಗತ್ತಿನೆಲ್ಲೆಡೆ ಇದೆ. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋದ ಐ.ಎಸ್. 8654 ಎಂಬ ಮಾನದಂಡವೂ ಇದೆ. ವಿಂಗಡಣೆಗೆ ಮುಖ್ಯ ಆಧಾರ ಕುದಿಯುವ ಬಿಂದು. ಹೊಸ ದ್ರವದ ಕುದಿಬಿಂದುವನ್ನು ಒಣ ಕುದಿಬಿಂದು ಎಂದೂ, ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ದ್ರವದ ಕುದಿಬಿಂದುವನ್ನು ತೇವ ಕುದಿಬಿಂದು ಎಂದೂ ಕರೆಯುತ್ತಾರೆ. ಡಾಟ್ 3 ದ್ರವಕ್ಕೆ ಇವು ಕನಿಷ್ಠ 205 ಮತ್ತು 140 ಡಿಗ್ರಿ ಸೆಲ್ಸಿಯಸ್ ಇರಬೇಕು. ಡಾಟ್ 4ಕ್ಕೆ 230 ಮತ್ತು 155. ಡಾಟ್ 5 ಹಾಗೂ 5.1ಕ್ಕೆ 260 ಮತ್ತು 180. ಅಂದರೆ ನೂರರಲ್ಲಿ ನಾಲ್ಕು ಪಾಲಿಗಿಂತಲೂ ಕಡಿಮೆ ನೀರು ಡಾಟ್ 4 ದ್ರವದ ಕುದಿಬಿಂದುವನ್ನು 75 ಡಿಗ್ರಿಗಳಷ್ಟು ಇಳಿಸಬಲ್ಲದು.

ಡಾಟ್ 3, 4 ಮತ್ತು 5.1 ಗ್ಲೈಕಾಲ್ ವರ್ಗದವು, ಪರಸ್ಪರ ಬೆರೆಯುತ್ತವೆ. ಡಾಟ್ 5 ಮಾತ್ರ ಸಿಲಿಕೋನ್ ಆಧಾರಿತವಾದುದು. ಅದನ್ನು ಉಳಿದವುಗಳೊಡನೆ ಬೆರೆಸಬಾರದು. 5 ಮತ್ತು 5.1 ಎಂಬ ಹೆಸರುಗಳು ಇಷ್ಟು ಹತ್ತಿರವಿದ್ದು ವಸ್ತುಗಳು ಇಷ್ಟು ದೂರವಿರುವುದು ಗ್ರಾಹಕರಿಗೆ ತೊಡಕಿನ ಸಂಗತಿಯೇ ಸರಿ. ತಮ್ಮ ಕಾರಿಗೆ ಯಾವುದು ಬೇಕೆಂಬುದನ್ನು ಸಾಮಾನ್ಯವಾಗಿ ದ್ರವದ ತೊಟ್ಟಿಯ ಮುಚ್ಚಳದ ಮೇಲೆಯೇ ಅಚ್ಚು ಹಾಕಿರುತ್ತಾರೆ.

ತೇವಾಂಶದ ಪರಿಣಾಮ

ಬ್ರೇಕ್ ವ್ಯವಸ್ಥೆ ಮುಚ್ಚಿದಂತೆ ಕಂಡರೂ ತೇವ ಒಳಗೆ ಸೇರುತ್ತದೆ. ಪ್ಯಾಡುಗಳು ಸವೆದಂತೆ ತೊಟ್ಟಿಯಲ್ಲಿ ದ್ರವದ ಮಟ್ಟ ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ಬರಲೇಬೇಕು. ಗಾಳಿಯ ಜೊತೆಗೆ ತೇವವೂ ಬರುತ್ತದೆ. ರಬ್ಬರ್ ಹೋಸುಗಳ ಗೋಡೆಯ ಮೂಲಕವೂ ನೀರಿನ ಆವಿ ನಿಧಾನವಾಗಿ ಒಳಸೇರುತ್ತದೆ. ಕಾರು ಓಡಿದರೂ ಓಡದಿದ್ದರೂ ಈ ಕ್ರಿಯೆ ನಡೆಯುತ್ತಿರುತ್ತದೆ. ಮನೆಯವರು ದೂರದ ಊರಿನಲ್ಲಿದ್ದು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಮಾತ್ರ ಹೊರತೆಗೆಯುವ ಕಾರಿನ ಮೀಟರಿನಲ್ಲಿ ಕಿಲೋಮೀಟರು ಏರದೆ ಇರಬಹುದು, ದ್ರವ ಮಾತ್ರ ಹಳತಾಗಿರುತ್ತದೆ. ಈ ಕಾರಣದಿಂದಲೇ ಅನೇಕ ತಯಾರಕರು ದ್ರವ ಬದಲಿಸುವ ಅವಧಿಯನ್ನು ಕಿಲೋಮೀಟರಿನ ಜೊತೆಗೆ ವರ್ಷಗಳಲ್ಲಿಯೂ ಸೂಚಿಸುತ್ತಾರೆ. ಎರಡು ವರ್ಷ ಸಾಮಾನ್ಯವಾಗಿ ಕಂಡುಬರುವ ಅವಧಿ.

ನೀರು ಗ್ಲೈಕಾಲಿನಲ್ಲಿ ಕರಗಿ ಹರಡಿಕೊಳ್ಳುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಸಿಲಿಕೋನ್ ದ್ರವದಲ್ಲಿ ಅದು ಕರಗದೆ ತಗ್ಗಿನ ಜಾಗದಲ್ಲಿ ಹನಿಗಟ್ಟಿ ನಿಲ್ಲುತ್ತದೆ, ಮತ್ತು ಆ ಹನಿ ಸುಮಾರು 100 ಡಿಗ್ರಿಗೇ ಕುದಿಯಬಲ್ಲದು. ಗ್ಲೈಕಾಲ್ ದ್ರವಕ್ಕೆ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ ಅವುಗಳ ಶಕ್ತಿ ಕುಂದುತ್ತದೆ. ಆಗ ಸಿಲಿಂಡರುಗಳ ಒಳಮೈ ತುಕ್ಕು ಹಿಡಿದು, ಪಿಸ್ಟನುಗಳು ಬಿಗಿಯಾಗಿ, ಸೀಲುಗಳು ಹರಿದು ದ್ರವ ಸೋರತೊಡಗುತ್ತದೆ. ಎ.ಬಿ.ಎಸ್. ಇರುವ ಕಾರುಗಳಲ್ಲಿ ಸೂಕ್ಷ್ಮ ಕವಾಟಗಳ ಒಂದು ಘಟಕದ ಮೂಲಕವೂ ಈ ದ್ರವ ಹರಿಯುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ತಯಾರಾಗುವ ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. ಕಡ್ಡಾಯವಾಗಿದೆ. ಆ ಘಟಕ ಕೆಟ್ಟರೆ ತಗಲುವ ವೆಚ್ಚದ ಮುಂದೆ ಒಂದು ಡಬ್ಬಿ ದ್ರವದ ಬೆಲೆ ಏನೂ ಅಲ್ಲ.

ಘಟ್ಟದ ರಸ್ತೆಗಳಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಿಂದ ಪೂರ್ವಕ್ಕೆ ಹೊರಡುವ ಹೆದ್ದಾರಿಗಳೆಲ್ಲ ಪಶ್ಚಿಮ ಘಟ್ಟವನ್ನು ಏರಲೇಬೇಕು. ಬಿ.ಸಿ. ರೋಡಿನಿಂದ ಕಲ್ಲಡ್ಕ, ಮಾಣಿ, ಉಪ್ಪಿನಂಗಡಿಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 75 ಗುಂಡ್ಯದಿಂದಾಚೆ ಶಿರಾಡಿ ಘಟ್ಟವನ್ನು ಹತ್ತಿ ಸಕಲೇಶಪುರವನ್ನು ಸೇರುತ್ತದೆ. ಮಾಣಿಯಲ್ಲಿ ಕವಲೊಡೆಯುವ ರಸ್ತೆ ಪುತ್ತೂರು, ಸುಳ್ಯ, ಸಂಪಾಜೆಗಳನ್ನು ಹಾದು ಮಡಿಕೇರಿಗೆ ಹೋಗುತ್ತದೆ. ಬೆಳ್ತಂಗಡಿ, ಉಜಿರೆಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಟ್ಟದ ತಿರುವುಗಳನ್ನು ದಾಟಿ ಕೊಟ್ಟಿಗೆಹಾರವನ್ನು ತಲುಪುತ್ತದೆ. ಮೂಡುಬಿದಿರೆಯ ರಾಷ್ಟ್ರೀಯ ಹೆದ್ದಾರಿ 169 ಕಾರ್ಕಳ, ಮಾಳಗಳ ಮೂಲಕ ಕುದುರೆಮುಖದ ಕಡೆಗೆ ಏರುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ಗಾಳಿ ಬಹುಕಾಲ ತೇವದಿಂದ ಕೂಡಿರುತ್ತದೆ. ದ್ರವವನ್ನು ಕೆಡಿಸುವ ತೇವವೂ ಅದನ್ನು ಕುದಿಸುವ ಇಳಿಜಾರೂ ಒಂದೇ ಕಡೆ ಸೇರಿವೆ.

ಇಳಿಜಾರಿನಲ್ಲಿ ಎಷ್ಟು ಶಾಖ ಹುಟ್ಟುತ್ತದೆಂಬುದನ್ನು ಲೆಕ್ಕ ಹಾಕಬಹುದು. 1,200 ಕಿಲೋಗ್ರಾಂ ತೂಕದ ಕಾರು 500 ಮೀಟರ್ ಎತ್ತರದಿಂದ ವೇಗ ಹೆಚ್ಚದಂತೆ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಿಯಾದರೂ ವ್ಯಯವಾಗಬೇಕು. 25 ಡಿಗ್ರಿಯ 18 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಎಂಜಿನ್ನು ಮತ್ತು ಗಾಳಿ ಇದರಲ್ಲಿ ಒಂದು ಪಾಲನ್ನು ಹೊರುತ್ತವೆ, ಉಳಿದದ್ದು ಬ್ರೇಕುಗಳ ಪಾಲು. ಚಾಲಕನು ಗೇರನ್ನು ನ್ಯೂಟ್ರಲಿಗೆ ತಂದು ಪೆಟ್ರೋಲ್ ಉಳಿಸಹೊರಟರೆ ಎಂಜಿನ್ನಿನ ಪಾಲೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿಗೆ ಇದೇ ಆಧಾರ.

ಡಿಸ್ಕಿನ ಮತ್ತು ಪ್ಯಾಡಿನ ಶಾಖ ಕ್ಯಾಲಿಪರಿನೊಳಗಿನ ದ್ರವಕ್ಕೆ ಸಾಗಿ, ಅದು ತನ್ನ ಕುದಿಬಿಂದುವನ್ನು ಮುಟ್ಟಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಪೆಡಲು ಮೊದಲು ಮೆತ್ತಗಾಗಿ, ಬಳಿಕ ನೆಲದವರೆಗೆ ಇಳಿಯುತ್ತದೆ. ಬ್ರೇಕ್ ಫೇಡ್ ಎಂಬ ಇನ್ನೊಂದು ದೋಷದೊಡನೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅದರಲ್ಲಿ ಪ್ಯಾಡುಗಳೇ ಅತಿಯಾಗಿ ಕಾದು ಹಿಡಿತ ಕಳೆದುಕೊಳ್ಳುತ್ತವೆ, ಪೆಡಲು ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

ವೇಪರ್ ಲಾಕಿನ ಎರಡು ಲಕ್ಷಣಗಳು ಜನರನ್ನು ಮೋಸಗೊಳಿಸುತ್ತವೆ. ಒಂದು, ಅದು ಕಾರು ನಿಂತ ಬಳಿಕವೂ ಸಂಭವಿಸಬಹುದು. ಓಡುವಾಗ ಬೀಸುವ ಗಾಳಿ ಡಿಸ್ಕನ್ನು ತಣಿಸುತ್ತಿರುತ್ತದೆ. ನಿಲ್ಲಿಸಿದೊಡನೆ ಆ ಗಾಳಿ ಇಲ್ಲವಾಗಿ ಡಿಸ್ಕಿನ ಶಾಖ ದ್ರವದತ್ತ ಸರಿಯುತ್ತದೆ. ಘಟ್ಟದ ಬುಡದಲ್ಲಿ ಹತ್ತು ನಿಮಿಷ ನಿಲ್ಲಿಸಿ ಹೊರಡುವವರು ಮೊದಲು ಪೆಡಲನ್ನು ತುಳಿದು ನೋಡುವುದು ಲೇಸು. (ಕಲ್ಲಡ್ಕದ ಪ್ರಸಿದ್ಧ ಕೆ.ಟಿ.ಯವರೆಗೆ ಬರುವಷ್ಟರಲ್ಲಿ ಬ್ರೇಕು ಹೇಗೂ ತಣಿದಿರುತ್ತದೆ. ಎಚ್ಚರ ಬೇಕಾದುದು ಗುಂಡ್ಯ, ಚಾರ್ಮಾಡಿಗಳಲ್ಲಿ.) ಎರಡು, ತಣಿದ ಮೇಲೆ ಆವಿಯು ಮತ್ತೆ ದ್ರವವಾಗಿ ಪೆಡಲು ಮೊದಲಿನಂತಾಗುತ್ತದೆ. ಗ್ಯಾರೇಜಿಗೆ ಒಯ್ದಾಗ ಬ್ರೇಕು ಸರಿಯಾಗಿಯೇ ಇರುತ್ತದೆ. ಬ್ರೇಕು ಹಿಡಿಯಲಿಲ್ಲವೆಂದ ಚಾಲಕನ ಮಾತನ್ನು ಯಾರೂ ನಂಬದಿರುವುದಕ್ಕೆ ಇದೂ ಒಂದು ಕಾರಣ. ದ್ರವದಲ್ಲಿರುವ ನೀರನ್ನು ಪರೀಕ್ಷಿಸದೆ ಅಂತಹ ಸಂದರ್ಭದಲ್ಲಿ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ.

ಇಳಿಜಾರಿನಲ್ಲಿ ಪೆಡಲು ತಗ್ಗಿದರೆ ಅದನ್ನು ಬೇಗಬೇಗನೆ ಹಲವು ಬಾರಿ ತುಳಿಯಬೇಕು. ಗುಳ್ಳೆಗಳು ಒತ್ತಿಹೋಗಿ ಸ್ವಲ್ಪ ಒತ್ತಡ ಸಿಗಬಹುದು. ಗೇರನ್ನು ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ಉಕ್ಕಿನ ಕೇಬಲಿನಿಂದ ಕೆಲಸ ಮಾಡುವುದರಿಂದ ದ್ರವ ಕುದಿದರೂ ಅದು ಉಪಯೋಗಕ್ಕೆ ಬರುತ್ತದೆ. ಒಮ್ಮೆಲೇ ಎಳೆಯದೆ ಹಂತಹಂತವಾಗಿ ಎಳೆಯಬೇಕು. ಎಂಜಿನ್ನನ್ನು ಆರಿಸಬಾರದು, ಆರಿಸಿದರೆ ಬೂಸ್ಟರಿನ ನೆರವೂ ತಪ್ಪುತ್ತದೆ.

ಇದೇ ರಸ್ತೆಗಳಲ್ಲಿ ಓಡುವ ಬಸ್ಸು ಮತ್ತು ದೊಡ್ಡ ಲಾರಿಗಳಲ್ಲಿರುವುದು ಒತ್ತಿದ ಗಾಳಿಯ ಏರ್ ಬ್ರೇಕ್. ಅವುಗಳ ದೋಷಗಳು ಬೇರೆ.

ನಿರ್ವಹಣೆ

ದ್ರವದ ತೊಟ್ಟಿಯು ಬಾನೆಟ್ಟಿನ ಕೆಳಗೆ, ಚಾಲಕನ ಮುಂಭಾಗದಲ್ಲಿ ಇರುತ್ತದೆ. ಮಟ್ಟವು ಮ್ಯಾಕ್ಸ್ ಮತ್ತು ಮಿನ್ ಎಂಬ ಎರಡು ಗೆರೆಗಳ ನಡುವೆ ಇರಬೇಕು. ಮಟ್ಟ ನಿಧಾನವಾಗಿ ಇಳಿಯುವುದು ಪ್ಯಾಡುಗಳು ಸವೆಯುತ್ತಿರುವುದರ ಸೂಚನೆ, ಒಮ್ಮೆಲೇ ಇಳಿಯುವುದು ಸೋರಿಕೆಯ ಸೂಚನೆ. ಆದ್ದರಿಂದ ಕಾರಣ ಹುಡುಕದೆ ಮೇಲಿಂದ ಸುರಿದು ತುಂಬಿಸುವುದು ಒಳ್ಳೆಯ ಅಭ್ಯಾಸವಲ್ಲ. ಹಾಗೆ ತುಂಬಿಸಿದ ಹೊಸ ದ್ರವವು ಕ್ಯಾಲಿಪರಿನಲ್ಲಿರುವ ಹಳೆಯ ದ್ರವವನ್ನು ಸರಿಪಡಿಸುವುದೂ ಇಲ್ಲ. ಕುದಿಯುವುದು ತೊಟ್ಟಿಯಲ್ಲಿರುವುದಲ್ಲ, ಚಕ್ರದ ಬಳಿ ಇರುವುದು. ಡ್ಯಾಶ್‌ಬೋರ್ಡಿನಲ್ಲಿ ಹ್ಯಾಂಡ್ ಬ್ರೇಕಿನ ಕೆಂಪು ದೀಪವೇ ಅನೇಕ ಕಾರುಗಳಲ್ಲಿ ದ್ರವ ಕಡಿಮೆಯಾದಾಗಲೂ ಉರಿಯುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಅದು ಆರದಿದ್ದರೆ ಕಾರನ್ನು ನಿಲ್ಲಿಸಿ ನೋಡಬೇಕು.

ಬಣ್ಣವನ್ನು ನೋಡಿ ದ್ರವದ ಗುಣವನ್ನು ನಿರ್ಧರಿಸಲಾಗದು. ಕಪ್ಪಾದ ದ್ರವ ಹಳತೆಂದು ಹೇಳಬಹುದು, ತಿಳಿಯಾಗಿರುವುದು ಒಳ್ಳೆಯದೆಂದು ಹೇಳಲಾಗದು, ನೀರಿಗೆ ಬಣ್ಣವಿಲ್ಲ. ವಿದ್ಯುತ್ ವಾಹಕತೆಯಿಂದ ನೀರಿನಂಶವನ್ನು ಅಂದಾಜಿಸುವ ಪೆನ್ನಿನಾಕಾರದ ಉಪಕರಣ ಗ್ಯಾರೇಜುಗಳಲ್ಲಿ ಸಿಗುತ್ತದೆ. ದ್ರವವನ್ನು ನಿಜವಾಗಿ ಕುದಿಸಿ ನೋಡುವ ಉಪಕರಣ ಅದಕ್ಕಿಂತ ವಿಶ್ವಾಸಾರ್ಹ.

ದ್ರವ ಬದಲಿಸುವಾಗ ಪ್ರತಿ ಚಕ್ರದ ಬ್ಲೀಡ್ ನಿಪ್ಪಲನ್ನು ಸಡಿಲಿಸಿ, ಪೆಡಲನ್ನು ತುಳಿಯುತ್ತ ಹಳೆಯ ದ್ರವವನ್ನೂ ಗಾಳಿಯನ್ನೂ ಹೊರಹಾಕುತ್ತಾರೆ. ಪೆಡಲನ್ನು ಬಿಡುವ ಮೊದಲು ನಿಪ್ಪಲನ್ನು ಬಿಗಿಯಬೇಕು, ಇಲ್ಲವಾದರೆ ಗಾಳಿ ಒಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ನಮ್ಮ ದೇಶದ ಬಲಗೈ ಚಾಲನೆಯ ಕಾರುಗಳಲ್ಲಿ ಅದು ಹಿಂದಿನ ಎಡ ಚಕ್ರ. ಕೆಲವು ಕಾರುಗಳಿಗೆ ಬೇರೆ ಕ್ರಮವಿರುವುದರಿಂದ ಕೈಪಿಡಿಯನ್ನು ನೋಡಬೇಕು. ಕೆಲಸದ ಉದ್ದಕ್ಕೂ ತೊಟ್ಟಿ ಬರಿದಾಗದಂತೆ ನೋಡಿಕೊಳ್ಳುವುದು ಅಗತ್ಯ.

ಮುಚ್ಚಳ ತೆಗೆದಿಟ್ಟ ಡಬ್ಬಿಯ ದ್ರವವೂ ತೇವ ಹೀರುತ್ತದೆ. ಕಳೆದ ವರ್ಷ ಉಳಿದ ಅರ್ಧ ಡಬ್ಬಿಯನ್ನು ಈ ವರ್ಷ ಸುರಿಯುವುದು ಉಳಿತಾಯವಲ್ಲ. ಆಯಿಲ್ ಎಂಬ ಹೆಸರಿಗೆ ಮೋಸಹೋಗಿ ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಈ ತೊಟ್ಟಿಗೆ ಹಾಕುವುದು ಅತ್ಯಂತ ಅಪಾಯಕಾರಿ. ಖನಿಜ ತೈಲ ತಗಲಿದೊಡನೆ ಗ್ಲೈಕಾಲಿಗೆಂದು ಮಾಡಿದ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಆಮೇಲೆ ದ್ರವವನ್ನು ಬದಲಿಸಿದರೆ ಸಾಲದು, ಸೀಲು ಮತ್ತು ಹೋಸುಗಳನ್ನೆಲ್ಲ ಬದಲಿಸಬೇಕಾಗುತ್ತದೆ.

ಗ್ಲೈಕಾಲ್ ದ್ರವವು ಕಾರಿನ ಬಣ್ಣವನ್ನು ಕಿತ್ತುಹಾಕುತ್ತದೆ. ಚೆಲ್ಲಿದರೆ ಒರೆಸುತ್ತ ಕೂರದೆ ಧಾರಾಳ ನೀರಿನಿಂದ ತೊಳೆಯಬೇಕು. ಇದು ವಿಷಕಾರಿ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬಾರದು. ಹಳೆಯ ದ್ರವವನ್ನು ಚರಂಡಿಗೆ, ತೋಟಕ್ಕೆ ಅಥವಾ ಬಾವಿಯ ಸಮೀಪ ಸುರಿಯದೆ, ಮುಚ್ಚಿದ ಡಬ್ಬಿಯಲ್ಲಿ ಗ್ಯಾರೇಜಿಗೆ ಒಪ್ಪಿಸಿ ಬಳಸಿದ ಎಂಜಿನ್ ಆಯಿಲಿನೊಡನೆ ಬೆರೆಯದಂತೆ ಪ್ರತ್ಯೇಕವಾಗಿ ವಿಲೇವಾರಿ ಮಾಡಿಸಬೇಕು.

ವಿದ್ಯುತ್ ವಾಹನಗಳಲ್ಲಿ

ವಿದ್ಯುತ್ ಕಾರುಗಳಲ್ಲಿ ಮೋಟಾರೇ ಜನರೇಟರಿನಂತೆ ವರ್ತಿಸಿ ವೇಗವನ್ನು ತಗ್ಗಿಸುವುದರಿಂದ ಘಟ್ಟ ಇಳಿಯುವಾಗ ಬ್ರೇಕುಗಳ ಮೇಲಿನ ಹೊರೆ ಕಡಿಮೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದಾಗ ಈ ಸೌಲಭ್ಯ ಕುಗ್ಗುತ್ತದೆ. ಘಟ್ಟದ ಮೇಲಿನ ಊರಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಇಳಿಯುವವರ ಬ್ರೇಕುಗಳು ಎಂದಿನಂತೆ ದುಡಿಯಬೇಕಾಗುತ್ತದೆ. ಅವುಗಳಲ್ಲಿಯೂ ಗ್ಲೈಕಾಲ್ ದ್ರವವೇ ಇರುವುದರಿಂದ ಬದಲಿಸುವ ಅವಧಿಯನ್ನು ವರ್ಷಗಳ ಲೆಕ್ಕದಲ್ಲಿಯೇ ನೋಡಬೇಕು.